ನಡುಗಿದ ಕಾರಿನ ಪರವಾಗಿ ಎರಡು ಮಾತು

ನಮ್ಮ ಅಪ್ಪಯ್ಯ ಹೋಟೆಲಿನ ಗಲ್ಲಾದ ಹಿಂದೆ ಕೂತು ಖಾಯಂ ಗಿರಾಕಿಗಳಿಗೆ ಹೇಳುವ ಕಥೆಯೊಂದಿದೆ. ಬಲು ಚಿಕ್ಕದು. "ಕಾರಿಗೆ ಹೊಸ ಟಯರ್ ಹಾಕ್ಸಿದೆ, ಬ್ರೇಕ್ ಸಮ ಮಾಡ್ಸಿದೆ. ನಮ್ಮ ಶಾಂತ ಒಂದ್ ದಿನ ಓಡ್ಸಿತ್. ಕಾರಿಗೆ ನಡ್ಕ ಹಿಡೀತ್." ಇಷ್ಟು ಹೇಳಿ ಸೋಂಪಿನ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಾರೆ. ಗಿರಾಕಿ ನಕ್ಕು, ಸೋಂಪು ಬಾಯಿಗೆ ಹಾಕಿಕೊಂಡು, ಹೆಣ್ಣುಮಕ್ಕಳ ಕೈಗೆ ಸ್ಟೀರಿಂಗ್ ಕೊಡುವ ಕಾಲ ಬಂತಲ್ಲ ಎಂಬಂತೆ ತಲೆಯಾಡಿಸಿ ಹೊರಡುತ್ತಾನೆ. ಮದರಾಸಿನ ನಮ್ಮ ಮಾಂಬಲದಲ್ಲಿ ಈ ಕಥೆ ಕೇಳದವರು ಕಡಿಮೆ. ಟಿ. ನಗರದ ಬಸ್ಸಿನಲ್ಲಿ ಗುರುತಿಲ್ಲದವರೊಬ್ಬರು ಅದನ್ನು ನನಗೇ ಹೇಳಿದ್ದುಂಟು.

ಆ ಕಥೆಯ ಒಂದೊಂದು ವಾಕ್ಯವೂ ನಿಜ. ಟಯರು ಹೊಸದು, ನಾನು ಓಡಿಸಿದೆ, ಕಾರು ನಡುಗಿತು. ನನ್ನ ತಕರಾರು ವಾಕ್ಯಗಳ ನಡುವಿನ ಬಿಡುವಿನ ಮೇಲೆ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಮುದುಕಿ ಕೂಡ ಸುಳ್ಳು ಹೇಳಿದವಳಲ್ಲ. ಕೋಳಿ ಕೂಗಿದ್ದೂ ನಿಜ, ಬೆಳಗಾದದ್ದೂ ನಿಜ.

ನನ್ನ ಹೆಸರು ಶಾಂತಾ. ನಾನು ಮಾತು ಕಲಿಯುವುದಕ್ಕೆ ಮುಂಚೆ ಇಟ್ಟ ಹೆಸರಾದ್ದರಿಂದ ಇಟ್ಟವರನ್ನು ದೂರುವ ಹಾಗಿಲ್ಲ. ಕಾಲೇಜಿಗೆ ಸೇರಿದ ಮೇಲೆ ಚರ್ಚಾಕೂಟ ಹಿಡಿಯಿತು. ನೆಗಡಿ ಹಿಡಿದ ಹಾಗೆ ಹಿಡಿದದ್ದು ಬಿಡಲಿಲ್ಲ. ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ; ಎರಡೂ ಕಡೆ ಬಹುಮಾನ ತಂದು ಮನೆಯಲ್ಲಿಟ್ಟು, ಎರಡನ್ನೂ ನಂಬದೆ ಮಲಗುವ ಅಭ್ಯಾಸವಾಯಿತು. ಈಗ ವಕೀಲರೊಬ್ಬರ ಕೈಕೆಳಗೆ ಇದ್ದೇನೆ. ಅಲ್ಲಿ ನನ್ನ ಮೇಜಿನ ಮೇಲೆ ಹಾರ್ಲಿಕ್ಸಿನದೋ ಯಾವುದರದೋ ಒಂದು ಹಳೆಯ ಗಾಜಿನ ಬಾಟಲಿ ಇದೆ; ಒಳಗೊಂದು ಬೂದುಬಿಳಿಯ ಹೆಂಟೆ. ಮೆರೀನಾದಲ್ಲಿ ಸಿಕ್ಕ ಹವಳವೇ ಎಂದು ಕೆಲವರು, ಸುಣ್ಣದ ಕಲ್ಲೇ ಎಂದು ಕೆಲವರು ಕೇಳುತ್ತಾರೆ. ಮೊನ್ನೆ ಗುಮಾಸ್ತರು ಧೂಳು ಒರೆಸುವಾಗ ಬಾಟಲಿ ಅಲುಗಿ ಕಟಕಟ ಎಂದಿತು. ಆ ಸದ್ದಿಗೆ ಇಡೀ ಕಾರೇ ನೆನಪಾಯಿತು.

ಕಾರು ಕಪ್ಪು ಬಣ್ಣದ್ದು. ದೇಶ ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಅಪ್ಪಯ್ಯ ಕೊಂಡದ್ದು. ಆ ದೊರೆ ಅದರಲ್ಲಿ ಏನು ಸಾಗಿಸುತ್ತಿದ್ದನೋ ತಿಳಿಯದು, ನಮ್ಮಲ್ಲಿ ಅದು ಸಾಂಬಾರು ಸಾಗಿಸಿತು. ಮದುವೆಮನೆಗಳಿಗೆ ಅಡುಗೆ ಒಪ್ಪಿಕೊಂಡ ದಿನ ಹಿಂದಿನ ಆಸನ ಕಳಚಿ ಹಂಡೆಗಳನ್ನು ಇಡುವುದು. ಹುಡುಗಿಯಾಗಿದ್ದಾಗ ನನ್ನ ಕೆಲಸ ನೆಲದ ಮೇಲೆ ಕೂತು, ಎರಡು ಮೊಣಕಾಲಿನ ನಡುವೆ ಹಂಡೆಯನ್ನು ಒತ್ತಿ ಹಿಡಿದುಕೊಳ್ಳುವುದು. ಕಿಟಕಿಯ ಹೊರಗೆ ಏನಿದೆ ಎಂದು ಕಾಣುತ್ತಿರಲಿಲ್ಲ. ಆದರೆ ಸಾಂಬಾರು ಎಡಕ್ಕೆ ವಾಲಿದರೆ ಬಲಕ್ಕೆ ತಿರುವು, ಮುಂದಕ್ಕೆ ನುಗ್ಗಿದರೆ ಎದುರಿಗೆ ಎತ್ತಿನಗಾಡಿ, ಸಣ್ಣಗೆ ಮೈತುಂಬ ಜುಮ್ಮೆಂದರೆ ಎಗ್ಮೋರಿನ ಹತ್ತಿರ ಕಲ್ಲುಹಾಸಿನ ರಸ್ತೆ. ಮದರಾಸಿನ ಭೂಗೋಳವನ್ನು ನಾನು ಕಲಿತದ್ದು ಹೀಗೆ. ಶಾಲೆಯಲ್ಲಿ ತಮಿಳಿನಲ್ಲಿ ಕಲಿಸಿದ ಭೂಗೋಳ ಇಷ್ಟು ನೆನಪಿಲ್ಲ.

ಹೋಟೆಲಿನ ಹಿಂದಿನ ಅಂಗಳವೇ ನನ್ನ ಆಟದ ಬಯಲು. ಒಂದು ಕಡೆ ಸಾಲಾಗಿ ಒರಳುಗಳು, ಅವುಗಳ ಗಡಗಡ ಸದ್ದು. ಇನ್ನೊಂದು ಕಡೆ ಬಾಳೆಎಲೆಯ ರಾಶಿ, ನಡುವೆ ಚರಂಡಿಯ ಕಡೆಗೆ ಇಳಿಜಾರಾದ ನೆಲ. ಅಲ್ಲಿ ನನಗೆ ಪ್ರಿಯವಾದ ವಸ್ತು ಸಿಂಬಿ. ನಮ್ಮ ಹಂಡೆಗಳಿಗೆಲ್ಲ ಗುಂಡುತಳ. ನೆಲದ ಮೇಲಿಟ್ಟರೆ ಉರುಳುತ್ತವೆ. ಅದಕ್ಕೆ ಹುಲ್ಲನ್ನು ಹೊಸೆದು ಬಳೆಯಂತೆ ಸುತ್ತಿದ ಸಿಂಬಿ ಬೇಕು. ಅದನ್ನು ತಲೆಗಿಟ್ಟುಕೊಂಡು ರಾಣಿಯಾಗಿ ಮೆರೆದು, ಬೇಕಾದ ಹೊತ್ತಿಗೆ ಸಿಂಬಿ ಸಿಗದೆ ಅಡುಗೆಭಟ್ಟರು ಕೂಗಾಡಿದ್ದು ಎಷ್ಟು ಸಲವೋ.

ದೊಡ್ಡ ಸಿಂಬಿ ಮಾತ್ರ ಹಿಟ್ಟಿನ ಹಂಡೆಗೆ ಮೀಸಲು, ಆ ಹಂಡೆ ಅಪ್ಪಯ್ಯನಿಗೆ ಮೀಸಲು. ಉದ್ದಿನ ಹಿಟ್ಟು, ಅಕ್ಕಿ ಹಿಟ್ಟು ಕೂಡಿಸಿ, ಉಪ್ಪು ಹಾಕಿ, ತೋಳಿನವರೆಗೆ ಕೈಬಿಟ್ಟು ಕಲಸಿ, ಹಂಡೆಯನ್ನು ಅದರ ಜಾಗದಲ್ಲಿ ಕೂರಿಸುವುದು ಅವರೇ. ಭಟ್ಟರು ಒಂದು ಕಡೆ ಹಿಡಿಯಬಹುದು, ಎಲ್ಲಿ ಇಡಬೇಕೆಂದು ಹೇಳುವ ಹಾಗಿಲ್ಲ. ಹಿಟ್ಟು ಹುಳಿಬರುವುದು ಕೈಗುಣದಿಂದ ಎಂದು ನಮ್ಮವರ ನಂಬಿಕೆ; ಹೋಟೆಲು ಒಡೆಯನ ಕೈ ಬೀಳದ ಹಿಟ್ಟಿಗೆ ಏಳಿಗೆಯಿಲ್ಲ. ಹಿಟ್ಟು ರಾತ್ರಿಯಲ್ಲಿ ಉಕ್ಕಿ ಹೊರಚೆಲ್ಲಿದ ದಿನ ಬೈಗುಳವಿಲ್ಲ. ಲಕ್ಷ್ಮಿ ಉಕ್ಕಿದಳು ಎಂದು ಅಜ್ಜಿ ಹಂಡೆಗೆ ಕುಂಕುಮ ಹಚ್ಚುತ್ತಿದ್ದಳು. ನಾನು ಇದಕ್ಕೆ ಮದರಾಸಿನ ಸೆಕೆಯೇ ಕಾರಣ ಎಂದು ವಾದಿಸಿ, ಬೆಳಗಿನ ದೋಸೆ ಕಳೆದುಕೊಂಡಿದ್ದೇನೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಕಾರು ಕಲಿಯುತ್ತೇನೆಂದು ಹಟ ಹಿಡಿದೆ. ತಿಂಗಳುಗಟ್ಟಲೆ ವಾದಿಸಿ ಅಪ್ಪಯ್ಯನಿಂದ 'ಹ್ಞೂಂ' ಎನ್ನಿಸಿಕೊಂಡೆ. ಅದು ಒಪ್ಪಿಗೆಯೋ ಸುಸ್ತೋ ನಾನು ವಿಚಾರಿಸಲಿಲ್ಲ. ಕಲಿಸಿದವನು ಡ್ರೈವರ್ ದೊರೈಕಣ್ಣು. ನಾನು ಹಂಡೆ ಹಿಡಿದು ಕೂರುತ್ತಿದ್ದ ಕಾಲದಿಂದ ನನ್ನನ್ನು 'ಪಾಪಾ' ಎನ್ನುತ್ತಿದ್ದವನು. ಲೈಸನ್ಸಿನ ಪರೀಕ್ಷೆಗೆ ದಿನ ಗೊತ್ತಾಯಿತು. ಅಷ್ಟರಲ್ಲಿ ಟಯರುಗಳು ಬೋಳಾಗಿದ್ದವು, ಬ್ರೇಕು ತುಳಿದರೆ ಕಾರು ಯೋಚನೆ ಮಾಡಿ ನಿಲ್ಲುತ್ತಿತ್ತು.

ಎಗ್ಮೋರಿನ ಕಡೆ ಸಣ್ಣ ಕಾರ್ಖಾನೆ ಇಟ್ಟಿದ್ದ ಸೆಲ್ವರಾಜ್ ಎಂಬ ಮೆಕ್ಯಾನಿಕ್ಕು ಹೋಟೆಲಿನ ಅಂಗಳಕ್ಕೇ ಬಂದು ಕಾರನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿದ. ನಾಲ್ಕು ಚಕ್ರವನ್ನೂ ಕಳಚಿ ಒಯ್ದು, ಹೊಸ ಟಯರು ತೊಡಿಸಿ ತಂದು ಅಂಗಳದಲ್ಲಿ ಮಲಗಿಸಿದ. ಬ್ರೇಕಿನ ಕೆಲಸ ಮಾತ್ರ ಅಂದು ಮುಗಿಯಲಿಲ್ಲ. ಮರುದಿನ ಮಧ್ಯಾಹ್ನ ಬಂದು ಅದನ್ನು ಮುಗಿಸಿ ಚಕ್ರ ಏರಿಸಿದ. ಅವತ್ತು ಬೆಳಿಗ್ಗೆ ಹಿಟ್ಟು ಉಕ್ಕಿತ್ತೆಂದೂ, ಹೊಸ ಟಯರು ಬಂದ ರಾತ್ರಿಯೇ ಹೀಗಾದದ್ದು ಶುಭವೆಂದೂ ಅಪ್ಪಯ್ಯ ಅಜ್ಜಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಶುಭಶಕುನ ಕೇಳಿದಾಗ ನಾನು ಮಾಡುವಂತೆ ಮುಖ ಮಾಡಿಕೊಂಡು ಕಾಲೇಜಿಗೆ ಹೋಗಿದ್ದೆ.

ಆಮೇಲಿನ ದಿನ ಸಂಜೆ ದೊರೈಕಣ್ಣು ಪಕ್ಕದಲ್ಲಿ ಕೂತ, ನಾನು ಓಡಿಸಿದೆ, ಹಿಂದೆ ಅಪ್ಪಯ್ಯ. ಮಾಂಬಲದ ಗಲ್ಲಿಗಳಲ್ಲಿ ಕಾರು ಕುಕ್ಕುಲೋಟದ ಕುದುರೆಯಂತೆ ಕುಕ್ಕಿತು. ಬೀಚಿನ ರಸ್ತೆಗೆ ಬಂದು ವೇಗ ಮೂವತ್ತು ಮೈಲಿ ದಾಟಿದ್ದೇ ತಡ, ಸ್ಟೀರಿಂಗು ನನ್ನ ಕೈಯಲ್ಲಿ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಕನ್ನಡಿ ನಡುಗಿತು, ಅದರೊಳಗೆ ಅಪ್ಪಯ್ಯನ ಮುಖ ನಡುಗಿತು. ಮನೆಗೆ ಬಂದು ಇಳಿದವರೇ ಕೈ ಚಾಚಿದರು.

"ಕೀಲಿ ಕೊಡ್ ಹೆಣೆ. ಕಾರ್ ಸಮ ಆಪುವರೆಗೆ ನೀ ಮುಟ್ಟೂಕಾಗ. ಸೋಮವಾರದೊಳ್ಗೆ ಸಮ ಆಯ್ತ್, ಪರೀಕ್ಷೆಗ್ ಹೋಗು. ಆಯ್ಲಿಲ್ಲ, ಆ ಮಾತೇ ಮತ್ತೆ ಎತ್ತೂಕಾಗ."

ಅಂದು ಬುಧವಾರ. ಕಾರು ಸರಿಯಾಗದಿದ್ದರೆ ನನ್ನ ಕೈಯಿಂದ ಸ್ಟೀರಿಂಗು ಶಾಶ್ವತವಾಗಿ ಹೋಗುತ್ತದೆಂಬುದು ಸ್ಪಷ್ಟವಾಗಿತ್ತು. ಅಳುವುದು ಒಂದು ದಾರಿ. ನಾನು ಅತ್ತರೆ ಅಪ್ಪಯ್ಯ ಕರಗುತ್ತಾರೆಂದು ಗೊತ್ತಿತ್ತು. ಆದರೆ ಅತ್ತು ಪಡೆದ ಕೀಲಿಯ ಜೊತೆಗೇ, ಕಾರು ಕೆಡಿಸಿದವಳು ಎಂಬ ತೀರ್ಪೂ ಬರುತ್ತದೆ. ನನಗೆ ಕೀಲಿ ಬೇಕಿತ್ತು, ತೀರ್ಪು ಬೇಕಿರಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಕಾರಣಗಳು ಇಡ್ಲಿಯಂತೆ ತಟ್ಟೆ ತಟ್ಟೆಯಾಗಿ ಇಳಿದವು. ಅಜ್ಜಿಯದು ದೃಷ್ಟಿ. "ಕರಿ ಕಾರಿಗೆ ಹೊಸ ಟಯರ್ ಹಾಕಿರೆ ಯಾರ್ ಕಣ್ ಬೀಳ್ತಿಲ್ಲೆ, ಮಾರಾಯ್ತಿ?" ಎಂದು ಕುಂಬಳಕಾಯಿ ಒಡೆಸಿದಳು. ನಡುಕ ಹೋಗಲಿಲ್ಲ. ಕಾಯಿ ಚಿಕ್ಕದಾಯಿತು ಎಂದಳು. ಕಾಫಿ ಕುಡಿಯಲು ಬಂದ ಗಿರಾಕಿಗಳಲ್ಲಿ ಒಬ್ಬರು ಸ್ಪ್ರಿಂಗ್ ಪಟ್ಟಿ ಎಂದರು, ಇನ್ನೊಬ್ಬರು ಎಂಜಿನ್ನಿನ ಕಾಲು ಸಡಿಲ ಎಂದರು, ಕಾರನ್ನೇ ನೋಡದ ಮೂರನೆಯವರು ಬ್ರೇಕೇ ಎಂದು ಖಚಿತವಾಗಿ ಹೇಳಿ ಎರಡನೆಯ ಕಾಫಿ ತರಿಸಿಕೊಂಡರು. ಸೆಲ್ವರಾಜ್ ಬಂದು ನಟ್ಟು ಬಿಗಿದು, ಅಡಿಯಲ್ಲಿ ತೂರಿ ಸ್ಟೀರಿಂಗಿನ ಕಂಬಿ ಅಲುಗಿಸಿ, ತನ್ನ ಕೆಲಸದಲ್ಲಿ ತಪ್ಪಿಲ್ಲ, ರಸ್ತೆ ನೋಡಿಕೊಳ್ಳಿ ಎಂದ. ದೊರೈಕಣ್ಣು, "ಪುದು ಟಯರ್ ಪಾಪಾ, ಪೋಗ ಪೋಗ ಸರಿಯಾಯಿಡುಂ" ಎಂದ. ಓಡುತ್ತ ಓಡುತ್ತ ತಾನೇ ಪಳಗುತ್ತದಂತೆ. ಹೊಸ ಚಪ್ಪಲಿಯ ವಿಷಯದಲ್ಲಿ ನಾನೂ ಇದನ್ನು ಒಪ್ಪುತ್ತೇನೆ.

ಅಪ್ಪಯ್ಯನ ಕಾರಣವನ್ನು ಮಾತ್ರ ಅಲುಗಿಸಲಾಗಲಿಲ್ಲ. ದೊರೈಕಣ್ಣು ಓಡಿಸಿದಾಗಲೂ ನಡುಗುತ್ತದಲ್ಲ ಎಂದೆ. ನೀನು ಒಮ್ಮೆ ಕೆಡಿಸಿದ ಮೇಲೆ ಯಾರು ಓಡಿಸಿದರೂ ನಡುಗಲೇಬೇಕಲ್ಲ ಎಂದರು. ಹಾಗಾದರೆ ಏನು ಕೆಟ್ಟಿದೆ, ತೋರಿಸಿ ಎಂದೆ. ಅದು ಗೊತ್ತಿದ್ದರೆ ಸರಿ ಮಾಡಿಸುತ್ತಿರಲಿಲ್ಲವೇ ಎಂದರು. ಎಷ್ಟೋ ಕಾಲೇಜುಗಳ ವೇದಿಕೆ ಹತ್ತಿದ್ದೆ. ಇಂಥ ಕೋಟೆಯನ್ನು ನೋಡಿರಲಿಲ್ಲ. ಎಲ್ಲ ಕಡೆಯೂ ಗೋಡೆ, ಎಲ್ಲಿಯೂ ಬಾಗಿಲಿಲ್ಲ.

ನಮ್ಮ ಚರ್ಚಾಕೂಟದ ಮೇಡಂ ಒಂದು ಪಾಠ ಹೇಳಿಕೊಟ್ಟಿದ್ದರು: ಎದುರಾಳಿ ಹತ್ತು ಮಾತು ಒಟ್ಟಿಗೆ ಎಸೆದರೆ ಹತ್ತಕ್ಕೂ ಉತ್ತರಿಸಬೇಡ, ಒಂದೊಂದನ್ನೇ ಹೊರಗೆ ಕರೆದು ಮಾತಾಡಿಸು. ಕಾರಿಗೂ ಅದನ್ನೇ ಮಾಡುವುದೆಂದು ನಿಶ್ಚಯಿಸಿದೆ. ನಾನು ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಕೂರಬಾರದು ಎಂದು ಯಾರೂ ಹೇಳಿರಲಿಲ್ಲ. ದೊರೈಕಣ್ಣು ಓಡಿಸಿದ, ನಾನು ಹಿಂದೆ ಕೂತೆ. ನೆಲದ ಮೇಲೆ, ಚಿಕ್ಕಂದಿನಂತೆ, ಮೊಣಕಾಲಿನ ನಡುವೆ ಒಂದು ಹಂಡೆ ನೀರು ಇಟ್ಟುಕೊಂಡು. ಪದವಿ ಓದುವ ಹುಡುಗಿ ಹೀಗೆ ಕೂತದ್ದನ್ನು ಕಂಡು ಪಕ್ಕದ ಜವಳಿ ಅಂಗಡಿಯವರು ಅಜ್ಜಿಯನ್ನು ವಿಚಾರಿಸಿದರಂತೆ. ಮೊಮ್ಮಗಳಿಗೆ ಪರೀಕ್ಷೆಯ ಭಯ ಎಂದು ಅವಳು ಮುಚ್ಚಿಹಾಕಿದಳು.

ನೀರು ಮೊದಲ ದಿನವೇ ಒಂದು ಗುಟ್ಟು ಹೇಳಿತು. ಕಾರಿಗೆ ಇದ್ದದ್ದು ಒಂದಲ್ಲ, ಎರಡು ಕಾಯಿಲೆ. ಗಲ್ಲಿಯ ಗುಂಡಿಗಳಲ್ಲಿ ನೀರು ಧಪ್ ಎಂದು ಹಾರಿ ಬೀಳುತ್ತಿತ್ತು, ಅದು ಕುಕ್ಕು. ಬೀಚಿನ ನುಣ್ಣನೆಯ ರಸ್ತೆಯಲ್ಲಿ ಮೇಲೆಲ್ಲ ಸಣ್ಣ ಬಳೆ ಬಳೆಯಾಗಿ ಅಲೆ ಏಳುತ್ತಿತ್ತು, ಅದು ನಡುಕ. ಎಲ್ಲರೂ ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಮದ್ದು ಹುಡುಕುತ್ತಿದ್ದರು. ಟಯರಿನ ಗಾಳಿ ನೋಡಿಸಿದೆ. ಹೊಸತಲ್ಲವೇ ಎಂದು ಸೆಲ್ವರಾಜ್ ಧಾರಾಳವಾಗಿ ತುಂಬಿದ್ದ, ಟಯರುಗಳು ಕಲ್ಲಾಗಿದ್ದವು. ಇಳಿಸಬೇಕಾದಷ್ಟು ಇಳಿಸಿದೊಡನೆ ಕುಕ್ಕು ನಿಂತಿತು. ನಡುಕ ಹಾಗೆಯೇ ಇತ್ತು. ಅರ್ಧ ಮೊಕದ್ದಮೆ ಗೆದ್ದಂತಾಯಿತು. ಅಪ್ಪಯ್ಯ, ಅರ್ಧ ಸಮವಾದ ಕಾರಿಗೆ ಅರ್ಧ ಲೈಸನ್ಸು ಕೊಡುತ್ತಾರೋ ವಿಚಾರಿಸು ಎಂದರು.

ಆಮೇಲೆ ಬ್ರೇಕು. ಮೂವತ್ತೈದು ಮೈಲಿಯಲ್ಲಿ ನಡುಗುತ್ತಿರುವಾಗ ಮೆಲ್ಲಗೆ ತುಳಿ ಎಂದು ದೊರೈಕಣ್ಣುವಿಗೆ ಹೇಳಿದೆ. ಬ್ರೇಕು ತಪ್ಪಿತಸ್ಥನಾದರೆ ತುಳಿದಾಗ ನಡುಕ ಹೆಚ್ಚಬೇಕು. ಹೆಚ್ಚಲಿಲ್ಲ, ವೇಗ ಇಳಿದಂತೆ ತಾನೂ ಇಳಿಯಿತು. ಗೇರು ತೆಗೆದು ಸುಮ್ಮನೆ ಉರುಳಿಸಿದರೂ ನಡುಕ ಇತ್ತು. ಆದ್ದರಿಂದ ಎಂಜಿನ್ನು ನಿರಪರಾಧಿ. ಎರಡು ಕಾಫಿ ಕುಡಿದ ಗಿರಾಕಿಗೆ ಇದನ್ನು ವಿವರಿಸಲು ಹೋದೆ. ಅವರು ಅಷ್ಟರಲ್ಲಿ ಬೇರೆ ಕಾರಣಕ್ಕೆ ಬದಲಾಗಿದ್ದರು.

ಉಳಿದದ್ದು ಚಕ್ರ. ಆದರೆ ನಾಲ್ಕರಲ್ಲಿ ಯಾವುದು? ಹಿಂದಿನ ಡಿಕ್ಕಿಯಲ್ಲಿ ಹಳೆಯದೊಂದು ಹೆಚ್ಚುವರಿ ಚಕ್ರವಿತ್ತು. ಅದನ್ನು ಮುಂದಿನ ಬಲಕ್ಕೆ ಹಾಕಿಸಿದೆ: ನಡುಕ ಇತ್ತು. ಮುಂದಿನ ಎಡಕ್ಕೆ ಹಾಕಿಸಿದೆ: ಸ್ಟೀರಿಂಗು ಸತ್ತಂತೆ ಸುಮ್ಮನಾಯಿತು. ದೊರೈಕಣ್ಣು ಎರಡು ಕೈಯನ್ನೂ ಎತ್ತಿ ತೋರಿಸಿದ. ಆದರೂ ಕಾಕತಾಳೀಯವಿರಬಹುದಲ್ಲ? ಕಳಚಿದ ಆ ಚಕ್ರವನ್ನು ಈಗ ಹಿಂಬದಿಗೆ ಹಾಕು ಎಂದೆ. ಅಂದು ಶುಕ್ರವಾರ, ಅಜ್ಜಿ ತಿರುವೊಟ್ಟಿಯೂರಿನ ದೇವಸ್ಥಾನಕ್ಕೆ ಹೊರಡುವ ದಿನ. ಅವಳಿಗೆ ಏನೂ ಹೇಳದೆ ಹಿಂದಿನ ಆಸನದಲ್ಲಿ ಕೂರಿಸಿದೆ. ಅಭಿಷೇಕದ ಹಾಲಿನ ತಂಬಿಗೆ ಅವಳ ಮಡಿಲಲ್ಲಿ. ರಸ್ತೆ ತೆರವಾಗಿ ವೇಗ ಏರಿತು, ಸ್ಟೀರಿಂಗು ಅಲುಗಲಿಲ್ಲ.

ಅಜ್ಜಿ, "ದೃಷ್ಟಿ ಈಗ ನನ್ನ ಬುಡಕ್ ಬಂತಲ್ದಾ," ಎಂದಳು. ಹಾಲು ತಂಬಿಗೆಯ ಕಂಠ ದಾಟಿ ಅವಳ ಸೀರೆಯ ಮೇಲೆ ತುಳುಕುತ್ತಿತ್ತು.

ನಾನು ಅವಳನ್ನು ತಬ್ಬಿಕೊಂಡೆ. ಮಡಿ ಕೆಟ್ಟಿತೆಂದು ಬೈಸಿಕೊಂಡೆ. ನಡುಕ ಚಕ್ರದ ಜೊತೆ ಮುಂದಿನಿಂದ ಹಿಂದಕ್ಕೆ ನಡೆದು ಬಂದಿತ್ತು. ಇನ್ನು ಅದು ನನ್ನ ಕೈಯಲ್ಲೂ ಇರಲಿಲ್ಲ, ಊರಿನವರ ಕಣ್ಣಲ್ಲೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಸೆಲ್ವರಾಜನನ್ನು ಕರೆಸಿದೆ. ಚಕ್ರ ಕಳಚಿ ಮೊದಲು ಟಯರನ್ನು ಸವರಿ, ಹೊಸ ಮಾಲು, ಚೆನ್ನಾಗಿಯೇ ಇದೆ ಎಂದ. ಒಳಮುಖ ತೋರಿಸು ಎಂದೆ. ಬೋರಲು ಹಾಕಿದ. ಕಾರಿಗೆ ತೊಡಿಸಿದಾಗ ಯಾರಿಗೂ ಕಾಣದ ಆ ಬೋಗುಣಿಯಂಥ ಒಳಭಾಗದಲ್ಲಿ, ಒಂದೇ ಪಕ್ಕಕ್ಕೆ, ಬಿಳಿಯ ದಪ್ಪ ಪಟ್ಟೆಯೊಂದು ಕಚ್ಚಿಕೊಂಡಿತ್ತು. ಮೇಲೆ ಕುಂಕುಮದಂಥ ಕೆಂಪು ಧೂಳು.

"ಇದು ಏನು?" ಎಂದೆ.

"ಅದಾ? ನಿಮ್ಮ ಪೂಜೆ ಅಲ್ಲವಾ ಅಮ್ಮಾ," ಎಂದ ಅವನು, ನನಗೇ ಗೊತ್ತಿಲ್ಲವಲ್ಲ ಎಂಬಂತೆ. "ಚಕ್ರ ಏರಿಸುವಾಗಲೇ ಇತ್ತು. ನಿಮ್ಮ ಮನೆಯವರು ಸಾಮಿಗೆ ಹಚ್ಚಿದ್ದು, ನಾನು ವೇದದವನು, ಒರೆಸಿದರೆ ತಪ್ಪಾದೀತು ಅಂತ ಕೈ ಹಾಕಲಿಲ್ಲ." ಮದರಾಸಿನಲ್ಲಿ ಕ್ರೈಸ್ತರು ತಮ್ಮನ್ನು ವೇದದವರು ಎನ್ನುವುದುಂಟು. ಯಂತ್ರ ಬಲ್ಲವನು ದೇವರ ಮೇಲಿನ ಮರ್ಯಾದೆಗೆ ತೆಪ್ಪಗಾಗಿದ್ದ. ಅವನ ಮೇಲೆ ಸಿಟ್ಟು ಮಾಡಲು ಮನಸ್ಸಾಗಲಿಲ್ಲ.

ಉಗುರು ಹಾಕಿದೆ, ಉಗುರು ಮುರಿಯಿತು. ಸೆಲ್ವರಾಜ್ ಉಳಿಯಿಂದ ಎಬ್ಬಿಸಿದ. ಅಂಗೈಯಗಲದ ಹೆಂಟೆ, ಕಲ್ಲಿನ ಭಾರ. ಮೂಗಿನ ಹತ್ತಿರ ಹಿಡಿದಾಗ ನನ್ನ ಬಾಲ್ಯವೆಲ್ಲ ಹುಳಿಯಾಗಿ ಬಂದು ಬಡಿಯಿತು. ಉದ್ದಿನ ಹಿಟ್ಟು. ಹಸಿಯಾಗಿದ್ದಾಗ ಹತ್ತಿ, ಒಣಗಿದರೆ ಗಾರೆ. ಒರಳು ತೊಳೆಯದೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಮನೆಯ ಮಗುವಿಗೂ ಗೊತ್ತು. ಚಕ್ರವನ್ನು ಬೋರಲಾಗಿಯೇ ಅಂಗಳದಲ್ಲಿ ಮಲಗಿಸಿ ನೋಡಿದೆ. ನಡುವೆ ಗುಂಡನೆಯ ಕುಳಿ, ಸುತ್ತ ದಪ್ಪ ರಬ್ಬರು. ಗುಂಡುತಳದ ಹಂಡೆಗೆ ಇದಕ್ಕಿಂತ ಒಳ್ಳೆಯ ಸಿಂಬಿ ಇಡೀ ಮದರಾಸಿನಲ್ಲಿ ಸಿಗಲಾರದು. ಯಾರೋ ಅದರ ಮೇಲೆ ಹಂಡೆ ಕೂರಿಸಿದ್ದರು. ಹಿಟ್ಟು ಉಕ್ಕಿ ಒಳಗಿಳಿದು, ನೆಲದ ಇಳಿಜಾರಿನ ಕಡೆಗೆ ಒಂದೇ ಪಕ್ಕದಲ್ಲಿ ಕೂತಿತ್ತು. ಮರುದಿನ ಉರಿಬಿಸಿಲು ಅದನ್ನು ಸುಟ್ಟು ಗಟ್ಟಿ ಮಾಡಿತ್ತು. ಒಂದು ಪಕ್ಕ ಭಾರವಾದ ಚಕ್ರ ವೇಗವಾಗಿ ತಿರುಗಿದರೆ ಕುಣಿಯದೆ ಏನು ಮಾಡೀತು?

ಅಷ್ಟು ಹೊತ್ತಿಗೆ ಅಪ್ಪಯ್ಯ ಕಾಫಿ ಬಾಯ್ಲರಿನ ಬಳಿಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಹೆಂಟೆಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಮೂಲೆ ಮುರಿದು, ದಿನಾ ಹಿಟ್ಟಿನ ಹದ ನೋಡುವ ಹಾಗೆಯೇ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿ, ಮೂಸಿದರು. ನಾನು ಭಾಷಣಕ್ಕೆ ಸಿದ್ಧವಾಗಿ ನಿಂತಿದ್ದೆ. ಅವರು ಹೆಂಟೆಯನ್ನು ನನಗೆ ಹಿಂದಕ್ಕೆ ಕೊಟ್ಟರು.

"ದೊರೈ, ಮಗುವಿಗೆ ಕೀಲಿ ಕೊಡ್," ಎಂದು ಒಳಗೆ ಹೋದರು.

ಸೋಮವಾರ ಪರೀಕ್ಷೆಗೆ ಹೋದೆ. ಪರೀಕ್ಷಿಸಲು ಬಂದ ಅಧಿಕಾರಿಯೊಡನೆ ಕೈಸನ್ನೆಯ ಬಗ್ಗೆ ಸ್ವಲ್ಪ ವಾದವಾಯಿತು. ಲೈಸನ್ಸು ಸಿಕ್ಕಿತು, ನನ್ನಿಂದ ಬೇಗ ಬಿಡುಗಡೆಯಾಗಲಿ ಎಂದು ಕೊಟ್ಟಿರಬಹುದೆಂದು ಅಜ್ಜಿಯ ಅನುಮಾನ. ಈಗ ಶುಕ್ರವಾರ ಅವಳನ್ನು ತಿರುವೊಟ್ಟಿಯೂರಿಗೆ ಕರೆದೊಯ್ಯುವವಳು ನಾನೇ. ಹಾಲು ತುಳುಕುವುದಿಲ್ಲ.

ಆದರೂ ಗಲ್ಲಾದ ಹಿಂದಿನ ಕಥೆ ಬದಲಾಗಲಿಲ್ಲ. ಮೂರು ವಾಕ್ಯ, ಸೋಂಪು, ನಗು. ಹೆಂಟೆಯ ಮಾತು ಅದರಲ್ಲಿ ಎಂದೂ ಬರಲಿಲ್ಲ. ಮೊದಮೊದಲು ಅದು ಬರಿಯ ತಮಾಷೆ ಎಂದುಕೊಂಡಿದ್ದೆ. ಮೊನ್ನೆ ಬಾಟಲಿ ಕಟಕಟ ಎಂದಾಗ, ವಾದದಲ್ಲಿ ಒಂದು ಕೊಂಡಿಯನ್ನು ಇಷ್ಟು ವರ್ಷ ನಾನೇ ಮುಟ್ಟದೆ ಬಿಟ್ಟಿದ್ದೆನೆಂದು ಹೊಳೆಯಿತು. 'ಯಾರೋ' ಹಂಡೆ ಕೂರಿಸಿದ್ದರು ಎಂದೆನಲ್ಲ. ನಮ್ಮ ಹೋಟೆಲಿನಲ್ಲಿ ಹಿಟ್ಟಿನ ಹಂಡೆ ಕೂರಿಸಲು 'ಯಾರೋ' ಎಂಬವರಿಲ್ಲ.

ಆ ಸಂಜೆಯೇ ಕಾರು ತೆಗೆದುಕೊಂಡು ಮಾಂಬಲಕ್ಕೆ ಹೋದೆ. ಅಪ್ಪಯ್ಯ ತೋಳು ಮಡಿಸಿ ಹಂಡೆಯೊಳಗೆ ಹಿಟ್ಟು ಕಲಸುತ್ತಿದ್ದರು. ಕೂದಲು ಈಗ ಹಿಟ್ಟಿನದೇ ಬಣ್ಣ. ಹಂಡೆ ಹುಲ್ಲಿನ ಸಿಂಬಿಯ ಮೇಲಿತ್ತು. ಎದುರಿಗೆ ಕೂತು, ಕೀಲಿಯನ್ನು ನೆಲದ ಮೇಲಿಟ್ಟು ಕೇಳಿದೆ. ಅವರ ಕೈ ಹಂಡೆಯ ತಳದಲ್ಲಿ ನಿಂತಿತು. ಇನ್ನೂ ಹೇಳಿಲ್ಲವಾದ್ದರಿಂದ ಇಲ್ಲಿಯೂ ಒಮ್ಮೆ ಕೇಳುತ್ತೇನೆ.

ಅಪ್ಪಯ್ಯಾ, ಹಂಡೆಯನ್ನು ಎಲ್ಲಿ ಇಟ್ಟಿರೆಂದು ನಿಮಗೆ ಗೊತ್ತಿತ್ತು, ಹಿಟ್ಟು ಉಕ್ಕಿದ್ದೂ ಗೊತ್ತಿತ್ತು. ಬೀಚಿನ ರಸ್ತೆಯಲ್ಲಿ ಕಾರು ನಡುಗಿದಾಗ ಅದು ನಿಮಗೆ ನೆನಪಾಗಲಿಲ್ಲವೇ, ಅಥವಾ ನೆನಪಾದದ್ದಕ್ಕೇ ಅಷ್ಟು ಬೇಗ ನನ್ನ ಕೈಯಿಂದ ಕೀಲಿ ಕೇಳಿದಿರೇ?